ಹೊಸ ಲ್ಯಾಪ್‌ಟಾಪ್, ಹಳೇ ಕೋರ್: ಪ್ರೊಸೆಸರ್ ಪೈಪೋಟಿಯಲ್ಲಿ ಭದ್ರತೆಯ ಲೆಕ್ಕ ಯಾರು ಇಡುತ್ತಾರೆ?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ಚೆನ್ನಾಗಿಯೇ ಓಡುತ್ತಿದ್ದ ಎಷ್ಟೋ ಕಂಪ್ಯೂಟರ್‌ಗಳು ಅವತ್ತಿನಿಂದ ಹಳೆಯವಾಗಿಬಿಟ್ಟವು. ಅವುಗಳಲ್ಲಿ ಹಲವಕ್ಕೆ ವಿಂಡೋಸ್ 11 ಹಾಕಲು ಆಗುವುದಿಲ್ಲ, ಏಕೆಂದರೆ ಅವುಗಳ ಪ್ರೊಸೆಸರ್ ಮೈಕ್ರೋಸಾಫ್ಟ್ ಪಟ್ಟಿಯಲ್ಲಿ ಇಲ್ಲ. ಸರಿ, ಹೊಸದೇ ಕೊಳ್ಳೋಣ ಅಂತ ಅಂಗಡಿಗೆ ಹೋದರೆ ಇಂಟೆಲ್ ಕೋರ್ ಅಲ್ಟ್ರಾ, ಎಎಂಡಿ ರೈಝೆನ್ ಎಐ, ಕ್ವಾಲ್‌ಕಾಮ್ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್, ಆಪಲ್‌ನ ಎಂ ಸರಣಿ ಎಂದು ಹೆಸರುಗಳ ಸಂತೆ.

ಇದೇ ಹೊತ್ತಿಗೆ ಬಂದ ಸುದ್ದಿಗಳು ಗೊಂದಲವನ್ನು ಇನ್ನಷ್ಟು ಹೆಚ್ಚಿಸಿವೆ. 2025ರ ಆಗಸ್ಟ್‌ನಲ್ಲಿ ಅಮೆರಿಕ ಸರ್ಕಾರವೇ ಇಂಟೆಲ್‌ನಲ್ಲಿ ಸುಮಾರು ಶೇ 10ರಷ್ಟು ಪಾಲು ತೆಗೆದುಕೊಳ್ಳುವುದಾಗಿ ಘೋಷಿಸಿತು. ಮುಂದಿನ ತಿಂಗಳೇ ಎಐ ಚಿಪ್‌ಗಳ ಕಂಪನಿ ಎನ್ವಿಡಿಯಾ ಅದೇ ಇಂಟೆಲ್‌ನಲ್ಲಿ 500 ಕೋಟಿ ಡಾಲರ್ ಹೂಡುವ ಮಾತಾಡಿತು. ಜೊತೆಗೆ, ಯಾವುದೋ ವಿಶ್ವವಿದ್ಯಾಲಯದವರು ಪ್ರೊಸೆಸರ್ ಒಳಗೇ ಹೊಸ ಲೋಪ ಕಂಡುಹಿಡಿದರು ಎಂಬ ಸುದ್ದಿ ಮತ್ತೆ ಮತ್ತೆ ಬರುತ್ತಿದೆ. ಒಂದು ಕಡೆ ಪೈಪೋಟಿ, ಇನ್ನೊಂದು ಕಡೆ ಭದ್ರತೆ. ಇವೆರಡನ್ನೂ ಬೇರೆ ಬೇರೆ ವಿಷಯ ಎಂದು ನೋಡಿದರೆ ಏನೂ ಅರ್ಥವಾಗುವುದಿಲ್ಲ. ಯಾಕೆಂದರೆ ಎರಡರ ಬೇರು ಒಂದೇ.

ಇಬ್ಬರ ಆಟ ನಾಲ್ವರದ್ದಾಯಿತು

ಇವತ್ತಿನ ಹೆಚ್ಚಿನ ವಿಂಡೋಸ್ ಕಂಪ್ಯೂಟರ್‌ಗಳ ಪ್ರೊಸೆಸರ್‌ಗಳು ಇಂಟೆಲ್ 1978ರಲ್ಲಿ ತಂದ 8086 ಚಿಪ್‌ನ ವಂಶದವು. 1981ರಲ್ಲಿ ಐಬಿಎಂ ತನ್ನ ಪಿಸಿಗೆ ಇದೇ ಕುಟುಂಬದ ಚಿಪ್ ಆರಿಸಿತು. ಒಂದೇ ಕಂಪನಿಯನ್ನು ನೆಚ್ಚಿಕೊಳ್ಳುವುದು ಬೇಡ ಎಂದು ಐಬಿಎಂ ಪಟ್ಟು ಹಿಡಿದಿದ್ದರಿಂದ, ಅದೇ ಚಿಪ್ ತಯಾರಿಸುವ ಪರವಾನಗಿ ಎಎಂಡಿಗೂ ಸಿಕ್ಕಿತು. ಎಕ್ಸ್86 ಎಂದು ಕರೆಯುವ ಈ ಲೋಕದಲ್ಲಿ ಇಂದಿಗೂ ಮುಖ್ಯವಾಗಿ ಇರುವುದು ಆ ಇಬ್ಬರೇ.

ಪೈಪೋಟಿ ಯಾವಾಗಲೂ ನೇರವಾಗಿರಲಿಲ್ಲ. ಕಂಪ್ಯೂಟರ್ ತಯಾರಕರಿಗೆ ಷರತ್ತಿನ ರಿಯಾಯಿತಿ ಕೊಟ್ಟು ಎಎಂಡಿಯನ್ನು ದೂರ ಇಟ್ಟಿತು ಎಂದು ಯುರೋಪಿಯನ್ ಕಮಿಷನ್ 2009ರಲ್ಲಿ ಇಂಟೆಲ್‌ಗೆ 106 ಕೋಟಿ ಯೂರೋ ದಂಡ ಹಾಕಿತು. ಅದೇ ವರ್ಷ ಇಂಟೆಲ್ 125 ಕೋಟಿ ಡಾಲರ್ ಕೊಟ್ಟು ಎಎಂಡಿ ಜೊತೆ ರಾಜಿ ಮಾಡಿಕೊಂಡಿತು. ಯುರೋಪಿನ ದಂಡ ಮಾತ್ರ ಕೋರ್ಟಿನಲ್ಲಿ ನಿಲ್ಲಲಿಲ್ಲ. 2022ರಲ್ಲಿ ಅದು ರದ್ದಾಯಿತು. 2024ರಲ್ಲಿ ಯುರೋಪಿನ ಅತ್ಯುನ್ನತ ಕೋರ್ಟ್ ಕೂಡ ಆ ರದ್ದತಿಯನ್ನು ಎತ್ತಿಹಿಡಿಯಿತು. ಕೆಲವು ತಯಾರಕರಿಗೆ ಎಎಂಡಿ ಚಿಪ್‌ನ ಕಂಪ್ಯೂಟರ್ ತಡಮಾಡಲು ಹಣ ಕೊಟ್ಟ ಸಣ್ಣ ಭಾಗಕ್ಕೆ ಮಾತ್ರ 2023ರಲ್ಲಿ ಬೇರೆ ದಂಡ ಬಿತ್ತು. ದೂರು ಹೊತ್ತಿಗೆ ಸರಿಯಾಗಿ ತೀರ್ಮಾನವಾಗದಿದ್ದರೆ ಮಾರುಕಟ್ಟೆ ಅಷ್ಟರಲ್ಲಿ ಎಲ್ಲೋ ಹೋಗಿರುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ.

ನಿಜವಾದ ಬದಲಾವಣೆ ಬಂದಿದ್ದು ಕೋರ್ಟಿನಿಂದಲ್ಲ. 2017ರಲ್ಲಿ ಎಎಂಡಿ ರೈಝೆನ್ ತಂದಿತು. 2020ರ ನವೆಂಬರ್‌ನಲ್ಲಿ ಆಪಲ್ ತನ್ನದೇ ಎಂ1 ಚಿಪ್ ಹಾಕಿದ ಮ್ಯಾಕ್‌ಗಳನ್ನು ಮಾರುಕಟ್ಟೆಗೆ ಬಿಟ್ಟಿತು. 2024ರಲ್ಲಿ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಮೂಲಕ ಕ್ವಾಲ್‌ಕಾಮ್ ವಿಂಡೋಸ್ ಲ್ಯಾಪ್‌ಟಾಪ್‌ಗೆ ಗಟ್ಟಿಯಾಗಿಯೇ ಕಾಲಿಟ್ಟಿತು. ಬ್ಯಾಟರಿ ಜಾಸ್ತಿ ಹೊತ್ತು ಬರುತ್ತಿದೆ, ಬಿಸಿ ಕಡಿಮೆಯಾಗಿದೆ. ಈ ಲಾಭ ಕೊಳ್ಳುವವರಿಗೆ ಸಿಕ್ಕಿರುವುದು ನಿಜ.

ಆದರೆ ಹೆಸರು ನಾಲ್ಕಾದರೂ ಕಾರ್ಖಾನೆ ಬಹುಪಾಲು ಒಂದೇ. ಎಎಂಡಿ, ಆಪಲ್, ಕ್ವಾಲ್‌ಕಾಮ್ ಮೂವರ ಮೇಲ್ದರ್ಜೆಯ ಚಿಪ್‌ಗಳನ್ನೂ ತೈವಾನಿನ ಟಿಎಸ್‌ಎಂಸಿ ತಯಾರಿಸುತ್ತದೆ. 2024ರಲ್ಲಿ ಇಂಟೆಲ್ ಬಿಟ್ಟ ಲೂನಾರ್ ಲೇಕ್, ಆ್ಯರೋ ಲೇಕ್ ಚಿಪ್‌ಗಳ ಮುಖ್ಯ ಭಾಗಗಳೂ ಅಲ್ಲಿಯವೇ. ಅಮೆರಿಕ ಸರ್ಕಾರ ಇಂಟೆಲ್‌ನ ಕೈ ಹಿಡಿದಿದ್ದರ ಹಿಂದೆ ಇರುವ ಚಿಂತೆ ಇದೇ: ತೈವಾನಿಗೆ ಏನಾದರೂ ಆದರೆ ಮುಂದೇನು? 2026ರ ಜನವರಿಯಲ್ಲಿ ಇಂಟೆಲ್ ಪರಿಚಯಿಸಿದ ಕೋರ್ ಅಲ್ಟ್ರಾ ಸರಣಿ 3ರ ಮುಖ್ಯ ಭಾಗ ಮತ್ತೆ ಅದರ ಸ್ವಂತ ಕಾರ್ಖಾನೆಯಲ್ಲಿ, 18ಎ ಎಂಬ ಹೊಸ ತಂತ್ರದಲ್ಲಿ ತಯಾರಾಗುತ್ತಿದೆ. ಅದು ಗೆದ್ದರೆ ಎರಡನೇ ಕಾರ್ಖಾನೆ ಉಳಿಯುತ್ತದೆ. ಸೋತರೆ ಎಲ್ಲರೂ ಒಂದೇ ಬಾಗಿಲಲ್ಲಿ ಸಾಲು ನಿಲ್ಲಬೇಕು.

ವೇಗ ಬಂದಿದ್ದು ಎಲ್ಲಿಂದ?

ಈಗ ಭದ್ರತೆಗೆ ಬರೋಣ. ಪ್ರೊಸೆಸರ್‌ಗೆ ಹೋಲಿಸಿದರೆ ಮೆಮೊರಿ ತುಂಬಾ ನಿಧಾನ. ಅಲ್ಲಿಂದ ಮಾಹಿತಿ ಬರುವ ತನಕ ಕಾಯುತ್ತಾ ಕೂತರೆ ವೇಗ ಸತ್ತಂತೆ. ಅದಕ್ಕೆ ಪ್ರೊಸೆಸರ್‌ಗಳು ಮುಂದಿನ ಕೆಲಸ ಏನಿರಬಹುದು ಎಂದು ಊಹಿಸಿ ಮೊದಲೇ ಮಾಡಿಡುತ್ತವೆ. ಹೋಟೆಲಿಗೆ ದಿನಾ ಬರುವ ಗಿರಾಕಿ ಬಾಗಿಲಲ್ಲಿ ಕಂಡ ಕೂಡಲೇ ಭಟ್ಟರು ಕಾವಲಿಗೆ ದೋಸೆ ಹುಯ್ದುಬಿಡುತ್ತಾರಲ್ಲ, ಹಾಗೆ. ಊಹೆ ಸರಿಯಾದರೆ ಸಮಯ ಉಳಿಯಿತು. ಇವತ್ತು ಇಡ್ಲಿ ಸಾಕು ಎಂದರೆ ದೋಸೆಯನ್ನು ಪಕ್ಕಕ್ಕಿಟ್ಟರಾಯಿತು. ಆದರೆ ಕಾವಲಿ ಬಿಸಿಯಾಗಿಯೇ ಇರುತ್ತದೆ. ಮುಟ್ಟಿ ನೋಡಿದವರಿಗೆ ಒಳಗೆ ಏನು ನಡೆದಿತ್ತು ಎಂದು ಗೊತ್ತಾಗುತ್ತದೆ.

ಪ್ರೊಸೆಸರ್‌ನಲ್ಲಿ ಆ ಬಿಸಿ ಉಳಿಯುವ ಜಾಗ ಕ್ಯಾಶ್, ಅಂದರೆ ಚಿಪ್ ಒಳಗಿನ ಪುಟ್ಟ ಮೆಮೊರಿ. ಊಹೆ ತಪ್ಪಾದರೆ ಲೆಕ್ಕದ ಫಲಿತಾಂಶವನ್ನು ಅಳಿಸಲಾಗುತ್ತದೆ. ಆದರೆ ಆ ಲೆಕ್ಕಕ್ಕೆ ಎಳೆದುತಂದ ಮಾಹಿತಿಯ ಗುರುತು ಕ್ಯಾಶ್‌ನಲ್ಲಿ ಉಳಿಯುತ್ತದೆ. ಒಂದು ವಿಳಾಸವನ್ನು ಓದಲು ಎಷ್ಟು ಹೊತ್ತು ಹಿಡಿಯಿತು ಎಂದು ಅಳೆದು, ಇನ್ನೊಂದು ಪ್ರೋಗ್ರಾಂನ ಗುಟ್ಟನ್ನು ಬಿಟ್ ಬಿಟ್ ಆಗಿ ಕದಿಯಬಹುದು. 2018ರ ಜನವರಿಯಲ್ಲಿ ಬಯಲಾದ ಮೆಲ್ಟ್‌ಡೌನ್, ಸ್ಪೆಕ್ಟರ್ ಲೋಪಗಳ ತಿರುಳು ಇದು. ಮೆಲ್ಟ್‌ಡೌನ್ ಹೆಚ್ಚಾಗಿ ಇಂಟೆಲ್‌ಗೆ ತಟ್ಟಿತು. ಸ್ಪೆಕ್ಟರ್ ಇಂಟೆಲ್, ಎಎಂಡಿಯನ್ನೂ ಬಿಡಲಿಲ್ಲ, ಆಪಲ್, ಕ್ವಾಲ್‌ಕಾಮ್ ಚಿಪ್‌ಗಳಿಗೆ ಆಧಾರವಾದ ಆರ್ಮ್ ವಿನ್ಯಾಸವನ್ನೂ ಬಿಡಲಿಲ್ಲ.

ಇದು ಒಬ್ಬ ಎಂಜಿನಿಯರ್ ಕಣ್ತಪ್ಪಿನಿಂದ ಆದದ್ದಲ್ಲ. ಎರಡು ದಶಕ ಎಲ್ಲ ಕಂಪನಿಗಳೂ ಒಂದೇ ಅಳತೆಗೋಲಿನಲ್ಲಿ, ಅಂದರೆ ವೇಗದಲ್ಲಿ, ಪೈಪೋಟಿ ನಡೆಸಿದವು. ಎಲ್ಲರೂ ಅದೇ ಜಾಣತನವನ್ನು ಹೆಚ್ಚೆಚ್ಚು ಬಳಸಿದರು. ಹಾಗಾಗಿ ಲೋಪವೂ ಎಲ್ಲರಲ್ಲೂ ಬಂತು. 2024ರ ಮಾರ್ಚ್‌ನಲ್ಲಿ ಆಪಲ್‌ನ ಎಂ ಸರಣಿಯ ಚಿಪ್‌ಗಳಲ್ಲಿ ಗೋಫೆಚ್ ಎಂಬ ಲೋಪ ಸಿಕ್ಕಿತು. ಅಲ್ಲೂ ತೊಂದರೆ ಕೊಟ್ಟಿದ್ದು ಮುಂದೆ ಬೇಕಾಗುವ ಮಾಹಿತಿಯನ್ನು ಊಹಿಸಿ ತರುವ ಭಾಗವೇ.

ಪ್ಯಾಚ್ ಬಂದರೆ ವೇಗ ಹೋಗುತ್ತದೆ

ವೇಗದ ತಂತ್ರವೇ ಲೋಪದ ಮೂಲವಾದ್ದರಿಂದ, ಪ್ಯಾಚ್ ಹಾಕಿ, ಅಂದರೆ ಸರಿಪಡಿಸುವ ಅಪ್‌ಡೇಟ್ ಹಾಕಿ, ಲೋಪ ಮುಚ್ಚಲು ವೇಗವನ್ನೇ ಸ್ವಲ್ಪ ಬಿಟ್ಟುಕೊಡಬೇಕು. 2023ರ ಆಗಸ್ಟ್‌ನಲ್ಲಿ ಇಂಟೆಲ್‌ನ 6ರಿಂದ 11ನೇ ತಲೆಮಾರಿನ ಚಿಪ್‌ಗಳಲ್ಲಿ ಡೌನ್‌ಫಾಲ್ ಲೋಪ ಹೊರಬಿತ್ತು. ಅದರ ಪರಿಹಾರದಿಂದ ಕೆಲವು ವಿಶೇಷ ಲೆಕ್ಕಾಚಾರಗಳು ಶೇ 50ರವರೆಗೂ ನಿಧಾನವಾಗಬಹುದು ಎಂದು ಹೇಳಲಾಯಿತು. ಎಲ್ಲ ಕೆಲಸಗಳಿಗೂ ಅಷ್ಟು ಹೊಡೆತ ಇಲ್ಲ. 2025ರ ಮೇ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಇಟಿಎಚ್ ಝೂರಿಕ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ ಇನ್ನೊಂದು ಇಂಟೆಲ್ ಲೋಪಕ್ಕೆ ಬಂದ ಪ್ಯಾಚ್, 12ನೇ ತಲೆಮಾರಿನ ಚಿಪ್‌ನಲ್ಲಿ ಗರಿಷ್ಠ ಶೇ 2.7ರಷ್ಟು ನಿಧಾನ ಮಾಡಿತು. ಕೇಳಲು ಚಿಕ್ಕದು. ಆದರೆ 2018ರಿಂದ ಇಂಥವು ಒಂದರ ಮೇಲೊಂದು ಬರುತ್ತಲೇ ಇವೆ.

ಸಾಫ್ಟ್‌ವೇರ್ ಕಡೆಯಲ್ಲೂ ಹೊರೆ ಬಿದ್ದಿದೆ. ಸ್ಪೆಕ್ಟರ್ ಆದ ಮೇಲೆ ಕ್ರೋಮ್ ಬ್ರೌಸರ್ ಒಂದೊಂದು ಜಾಲತಾಣವನ್ನೂ ಬೇರೆ ಬೇರೆ ಪ್ರೊಸೆಸ್‌ನಲ್ಲಿ, ಅಂದರೆ ಪ್ರತ್ಯೇಕವಾಗಿ ಓಡುವ ಪ್ರೋಗ್ರಾಂನಂತೆ, ಇಡಲು ಶುರುಮಾಡಿತು. ಇದರಿಂದ ಮೆಮೊರಿ ಬಳಕೆ ಶೇ 10ರಿಂದ 13ರಷ್ಟು ಜಾಸ್ತಿಯಾಗುತ್ತದೆ ಎಂದು ಗೂಗಲ್ ಆಗಲೇ ತಿಳಿಸಿತ್ತು. 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್ ಏಕೋ ತೆವಳುತ್ತಿದೆ ಅನ್ನಿಸಲು ಇದೂ ಒಂದು ಕಾರಣ.

ಅಂದರೆ ಕೊಳ್ಳುವಾಗ ನೀವು ನೋಡಿದ ವೇಗದ ಅಂಕಿ ಮೂರು ವರ್ಷದ ನಂತರವೂ ಅಷ್ಟೇ ಇರುತ್ತದೆ ಎಂಬ ಖಾತ್ರಿ ಇಲ್ಲ. ಪ್ಯಾಚ್ ಹಾಕದೆ ಬಿಟ್ಟರೆ ವೇಗ ಉಳಿಯುತ್ತದೆ, ಬಾಗಿಲು ತೆರೆದಿರುತ್ತದೆ.

7520ಯು: ಒಂದು ಹೆಸರನ್ನು ಬಿಡಿಸಿ ನೋಡೋಣ

ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಬಂದ ಒಂದು ಚಿಪ್ ತೆಗೆದುಕೊಳ್ಳಿ: ಎಎಂಡಿ ರೈಝೆನ್ 5 7520ಯು. 2022ರ ಕೊನೆಯಲ್ಲಿ ಬಂದದ್ದು. ಮೊದಲಂಕಿ 7 ನೋಡಿದರೆ ಹೊಚ್ಚ ಹೊಸ 7000 ಸರಣಿ ಅನ್ನಿಸುತ್ತದೆ. ಎಎಂಡಿಯ ಆಗಿನ ಹೆಸರಿಡುವ ಪದ್ಧತಿಯಲ್ಲಿ ಒಳಗಿನ ಕೋರ್, ಅಂದರೆ ಲೆಕ್ಕ ಮಾಡುವ ಮುಖ್ಯ ಭಾಗ, ಯಾವ ಕಾಲದ್ದು ಎಂದು ಹೇಳುವುದು ಮೂರನೇ ಅಂಕಿ. ಇಲ್ಲಿ ಅದು 2. ಅಂದರೆ ಒಳಗಿರುವುದು ಝೆನ್ 2, 2019ರ ವಿನ್ಯಾಸ.

2023ರ ಜುಲೈನಲ್ಲಿ ಗೂಗಲ್‌ನ ಟ್ಯಾವಿಸ್ ಓರ್ಮಂಡಿ ಝೆನ್‌ಬ್ಲೀಡ್ ಎಂಬ ಲೋಪ ಪ್ರಕಟಿಸಿದರು. ಅದು ತಟ್ಟಿದ್ದು ಝೆನ್ 2 ಕೋರ್‌ಗಳಿಗೆ. ಒಂದೊಂದು ಕೋರ್‌ನಿಂದ ಸೆಕೆಂಡಿಗೆ ಸುಮಾರು 30 ಕೆಬಿ ಮಾಹಿತಿ ಸೋರಬಹುದು ಎಂದು ಅವರು ಲೆಕ್ಕ ಕೊಟ್ಟರು. ಪಾಸ್‌ವರ್ಡ್ ಕದಿಯಲು ಇಷ್ಟು ಧಾರಾಳವಾಗಿ ಸಾಕು. 7520ಯು ಸೇರಿರುವ 7020 ಸರಣಿಯೂ ತೊಂದರೆಯ ಪಟ್ಟಿಯಲ್ಲಿತ್ತು. ವರ್ಷ ತುಂಬುವ ಮೊದಲೇ ಹೊಸ ಲ್ಯಾಪ್‌ಟಾಪ್‌ಗೆ ನಾಲ್ಕು ವರ್ಷ ಹಳೇ ಕೋರ್‌ನ ಲೋಪ ಬಂತು. ದೊಡ್ಡ ಸರ್ವರ್ ಚಿಪ್‌ಗಳಿಗೆ ಪ್ಯಾಚ್ ಕೂಡಲೇ ಸಿಕ್ಕಿತು. ಮನೆಬಳಕೆಯ ಚಿಪ್‌ಗಳಿಗೆ ವರ್ಷದ ಕೊನೆಯ ತಿಂಗಳುಗಳ ಗಡುವು ಕೊಡಲಾಯಿತು. ಹೆಚ್ಚು ದುಡ್ಡು ಕೊಡುವ ಗಿರಾಕಿಗೆ ಮೊದಲ ಸರದಿ ಎನ್ನುವುದು ಇಲ್ಲಿ ಎದ್ದು ಕಾಣುತ್ತದೆ.

ಎಎಂಡಿ ಒಬ್ಬರದ್ದೇ ಈ ಅಭ್ಯಾಸ ಅಲ್ಲ. ಇಂಟೆಲ್‌ನ ಕೋರ್ 5 120ಯು, ಕೋರ್ 7 150ಯು ಹೊಸ ಹೆಸರಿನವು. ಒಳಗಿರುವುದು 13ನೇ ತಲೆಮಾರಿನ ರಾಪ್ಟರ್ ಲೇಕ್ ವಿನ್ಯಾಸ. ಹೆಸರಿನಲ್ಲಿ 'ಅಲ್ಟ್ರಾ' ಇದೆಯೋ ಇಲ್ಲವೋ ಎನ್ನುವುದೇ ದೊಡ್ಡ ವ್ಯತ್ಯಾಸ. ಹಳೇ ಕೋರ್ ಎಂದರೆ ಕೆಟ್ಟದ್ದು ಎಂದಲ್ಲ. ಬೆಲೆ ಕಡಿಮೆ, ದಿನದ ಕೆಲಸಕ್ಕೆ ಸಾಕು. ಆದರೆ ಹೊಸದು ಎಂದು ನಂಬಿ ಕೊಂಡವರು ಭದ್ರತೆಯ ಆಯಸ್ಸಿನಲ್ಲಿ ಒಂದಷ್ಟು ಕಾಲವನ್ನು ಮೊದಲೇ ಕಳೆದುಕೊಂಡಿರುತ್ತಾರೆ. ಅದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಯಾವುದು ಹಳತು ಎಂದು ನಿರ್ಧರಿಸುವವರು ಯಾರು?

2024ರ ಆಗಸ್ಟ್‌ನಲ್ಲಿ ಸಿಂಕ್‌ಕ್ಲೋಸ್ ಎಂಬ ಲೋಪ ಪ್ರಕಟವಾಯಿತು. 2006ರಿಂದ ಬಂದ ಎಎಂಡಿ ಚಿಪ್‌ಗಳಲ್ಲೆಲ್ಲ ಅದು ಇರಬಹುದು ಎಂದು ಐಓಆ್ಯಕ್ಟಿವ್ ಸಂಸ್ಥೆಯ ಸಂಶೋಧಕರು ಹೇಳಿದರು. ಇದನ್ನು ಬಳಸಲು ದಾಳಿಕೋರ ಮೊದಲೇ ಆಪರೇಟಿಂಗ್ ಸಿಸ್ಟಂನ ಒಳಗೆ ಆಳವಾಗಿ ಹೊಕ್ಕಿರಬೇಕು. ಹೊಕ್ಕರೆ ಮಾತ್ರ, ವಿಂಡೋಸ್ ಅಳಿಸಿ ಮತ್ತೆ ಹಾಕಿದರೂ ಹೋಗದಂತೆ ಕೂರಬಹುದು.

ಎಎಂಡಿ ಪ್ಯಾಚ್ ಪಟ್ಟಿ ಬಿಟ್ಟಾಗ ರೈಝೆನ್ 3000 ಡೆಸ್ಕ್‌ಟಾಪ್ ಚಿಪ್‌ಗಳಿಗೆ ಪರಿಹಾರ ಇಲ್ಲ ಎಂದಿತ್ತು. ಅವು 2019ರ ಜುಲೈನಲ್ಲಿ ಬಂದವು, ಐದೇ ವರ್ಷ ಹಳೆಯವು. ಬಳಕೆದಾರರು ಗಲಾಟೆ ಮಾಡಿದರು. ಕೆಲವೇ ದಿನಗಳಲ್ಲಿ 3000 ಸರಣಿ ಪಟ್ಟಿಗೆ ಸೇರಿತು. 1000 ಮತ್ತು 2000 ಸರಣಿಗಳು ಹೊರಗೇ ಉಳಿದವು.

ಈಗ ವಿಂಡೋಸ್ 11ರ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿ. ಭದ್ರತೆಗಾಗಿಯೇ ಹಳೇ ಚಿಪ್‌ಗಳನ್ನು ಬಿಟ್ಟಿದ್ದೇವೆ ಎಂದು ಮೈಕ್ರೋಸಾಫ್ಟ್ ಹೇಳುತ್ತದೆ. ಆ ಪಟ್ಟಿಯಲ್ಲಿ ರೈಝೆನ್ 2000 ಡೆಸ್ಕ್‌ಟಾಪ್ ಚಿಪ್‌ಗಳಿಗೆ ಜಾಗ ಇದೆ. ಅದೇ ಚಿಪ್‌ಗಳಿಗೆ ಸಿಂಕ್‌ಕ್ಲೋಸ್ ಪರಿಹಾರ ಕೊಡುವುದಿಲ್ಲ ಎಂದು ಎಎಂಡಿ ಹೇಳುತ್ತದೆ. ಒಂದೇ ಚಿಪ್ ಒಬ್ಬರ ಲೆಕ್ಕದಲ್ಲಿ ಸುರಕ್ಷಿತ, ಇನ್ನೊಬ್ಬರ ಲೆಕ್ಕದಲ್ಲಿ ಕೈಬಿಟ್ಟದ್ದು. ಇತ್ತ ಇಂಟೆಲ್‌ನ 7ನೇ ತಲೆಮಾರಿನ ಹೆಚ್ಚಿನ ಚಿಪ್‌ಗಳು ವಿಂಡೋಸ್ 11ಕ್ಕೆ ಅನರ್ಹ. ಕೊಳ್ಳುವವರಿಗೆ ಯಾವ ಗೆರೆಯನ್ನು ನಂಬಬೇಕೋ ತಿಳಿಯದು. ಏಕೆಂದರೆ ಆ ಗೆರೆ ಎಲ್ಲಿರುತ್ತದೆ ಎಂದು ಮಾರುವಾಗ ಯಾರೂ ಬರೆದುಕೊಟ್ಟಿರಲಿಲ್ಲ.

ಪ್ಯಾಚ್ ತಯಾರಾದರೂ ನಿಮ್ಮ ಯಂತ್ರಕ್ಕೆ ಬರುವ ದಾರಿ ಉದ್ದ. ಚಿಪ್ ಕಂಪನಿ ಮೈಕ್ರೋಕೋಡ್, ಅಂದರೆ ಚಿಪ್ ಒಳಗೇ ಓಡುವ ಸಣ್ಣ ಸಾಫ್ಟ್‌ವೇರ್, ಬರೆಯುತ್ತದೆ. ಮದರ್‌ಬೋರ್ಡ್ ಅಥವಾ ಲ್ಯಾಪ್‌ಟಾಪ್ ತಯಾರಕರು ಅದನ್ನು ತಮ್ಮ ಬಯೋಸ್‌ಗೆ, ಅಂದರೆ ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಸಾಫ್ಟ್‌ವೇರ್‌ಗೆ, ಸೇರಿಸಿ ಪರೀಕ್ಷಿಸುತ್ತಾರೆ. ಆಮೇಲೆ ಬಳಕೆದಾರರು ಅದನ್ನು ಹಾಕಿಕೊಳ್ಳಬೇಕು. ಕೆಲವು ಮೈಕ್ರೋಕೋಡ್ ವಿಂಡೋಸ್ ಅಥವಾ ಲಿನಕ್ಸ್ ಅಪ್‌ಡೇಟ್ ಜೊತೆಗೇ ಬರುತ್ತದೆ, ಎಲ್ಲವೂ ಅಲ್ಲ. ಮಾರಿ ಮುಗಿದ ಅಗ್ಗದ ಮಾದರಿಗೆ ಹೊಸ ಬಯೋಸ್ ತಯಾರಿಸಲು ತಯಾರಕರಿಗೆ ಲಾಭವೇನೂ ಇಲ್ಲ. ಹಾಗಾಗಿ ಸರಪಳಿ ಅಲ್ಲೇ ತುಂಡಾಗುತ್ತದೆ.

ಮೈಕ್ರೋಕೋಡ್ ವ್ಯವಸ್ಥೆಯೇ ಎಡವಿದ್ದೂ ಇದೆ. ಮೈಕ್ರೋಕೋಡ್ ಅಸಲಿ ಎಂದು ತೋರಿಸುವ ಡಿಜಿಟಲ್ ಸಹಿಯನ್ನು ಪರಿಶೀಲಿಸುವ ವಿಧಾನದಲ್ಲಿ ಎಎಂಡಿ ಒಂದು ಕೀಲಿ ಬಳಸಿತ್ತು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ತನ್ನ ದಾಖಲೆಯಲ್ಲಿ ಉದಾಹರಣೆಗೆಂದು ಅಚ್ಚು ಹಾಕಿದ್ದ ಕೀಲಿಯೇ ಅದು. ಗೂಗಲ್ ಸಂಶೋಧಕರು 2025ರಲ್ಲಿ ಇದನ್ನು ಬಿಡಿಸಿ ತೋರಿಸಿದರು. ಅವರು ಬರೆದ ಮೈಕ್ರೋಕೋಡ್ ಹಾಕಿದರೆ, ಯಾದೃಚ್ಛಿಕ, ಅಂದರೆ ಯಾರೂ ಊಹಿಸಲಾಗದ, ಸಂಖ್ಯೆ ಕೊಡಬೇಕಾದ ಚಿಪ್‌ನ ಆದೇಶ ಪ್ರತಿಸಲವೂ 4 ಎಂದೇ ಉತ್ತರಿಸುತ್ತಿತ್ತು. ರಹಸ್ಯ ಕೀಲಿಗಳನ್ನು ತಯಾರಿಸುವುದು ಅಂಥ ಸಂಖ್ಯೆಗಳಿಂದಲೇ ಎಂದು ನೆನೆದರೆ ಇದರ ತೂಕ ಗೊತ್ತಾಗುತ್ತದೆ.

ಹಾಗಾದರೆ ಹೆದರಬೇಕಾ?

ಕಂಪನಿಗಳ ವಾದ ಹೀಗಿದೆ: ಈ ದಾಳಿಗಳಿಗೆ ಯಂತ್ರದೊಳಗೆ ಕೋಡ್ ಓಡಿಸುವ ಅವಕಾಶ ಮೊದಲೇ ಬೇಕು, ಪ್ರಯೋಗಾಲಯದ ಹೊರಗೆ ಬಳಕೆ ಕಂಡಿಲ್ಲ, ಅಪ್‌ಡೇಟ್ ಮಾಡಿಕೊಂಡರೆ ಸಾಕು. ಸಂಶೋಧಕರ ಉತ್ತರ: ಬ್ರೌಸರ್ ದಿನಾ ಓಡಿಸುವುದು ಬೇರೆಯವರ ಕೋಡನ್ನೇ ಅಲ್ವಾ? ಕ್ಲೌಡ್‌ನಲ್ಲಂತೂ ಒಂದೇ ಪ್ರೊಸೆಸರ್ ಮೇಲೆ ಗುರುತಿಲ್ಲದ ಹತ್ತಾರು ಗಿರಾಕಿಗಳು ಇರುತ್ತಾರೆ.

ಇಬ್ಬರ ಮಾತಿನಲ್ಲೂ ಸತ್ಯ ಇದೆ, ಆದರೆ ಬೇರೆ ಬೇರೆ ಜನರ ಬಗ್ಗೆ. ಮನೆಯಲ್ಲಿ ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆ ಓಟಿಪಿ ಕೇಳುವ ಕರೆ, ನಕಲಿ ಲಿಂಕ್, ಕದ್ದ ಸಾಫ್ಟ್‌ವೇರ್ ಇವೇ ನಿಜವಾದ ಅಪಾಯ. ಕಳ್ಳನಿಗೆ ಸುಲಭದ ದಾರಿ ಇರುವಾಗ ಪ್ರೊಸೆಸರ್ ಒಳಗೆ ನುಗ್ಗುವ ಕಷ್ಟ ಯಾಕೆ? ಆದರೆ ನಮ್ಮ ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಸೇವೆಗಳ ಮಾಹಿತಿ ಹಂಚಿಕೊಂಡ ಸರ್ವರ್‌ಗಳಲ್ಲಿ ಕೂತಿರುವಾಗ ಇದು ಅವರ ತಲೆನೋವು ಎಂದು ಕೈಬಿಡುವಂತಿಲ್ಲ. ಪತ್ರಕರ್ತರು, ವಕೀಲರು, ಕಂಪನಿಯ ಗುಟ್ಟು ನೋಡಿಕೊಳ್ಳುವವರು ಈ ಲೋಪಗಳನ್ನು ಹಗುರವಾಗಿ ತೆಗೆದುಕೊಳ್ಳಲೇಬಾರದು.

ಎಐ ಪಿಸಿ ಎಂಬ ಹೊಸ ಓಟ

ಈಗ ವೇಗದ ಜೊತೆಗೆ ಇನ್ನೊಂದು ಅಂಕಿ ಸೇರಿದೆ. ಕೋಪೈಲಟ್ ಪ್ಲಸ್ ಎಂಬ ಮುದ್ರೆ ಬೇಕಾದರೆ ಚಿಪ್‌ನ ಎಐ ಭಾಗ ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡಬೇಕು ಎಂದು ಮೈಕ್ರೋಸಾಫ್ಟ್ 2024ರಲ್ಲಿ ಗೊತ್ತುಮಾಡಿತು. ಮೊದಲು ಆ ಗುರಿ ಮುಟ್ಟಿ ಮಾರುಕಟ್ಟೆಗೆ ಬಂದಿದ್ದು ಕ್ವಾಲ್‌ಕಾಮ್. ಇಷ್ಟು ಶಕ್ತಿ ಯಾಕೆ ಬೇಕು ಎಂದು ತೋರಿಸಲು ಮೈಕ್ರೋಸಾಫ್ಟ್ ಮುಂದಿಟ್ಟಿದ್ದು ರೀಕಾಲ್: ನಿಮ್ಮ ಪರದೆಯ ಚಿತ್ರವನ್ನು ಆಗಾಗ ತೆಗೆದಿಟ್ಟು, ಆಮೇಲೆ ಹುಡುಕಿಕೊಡುವ ಸೌಲಭ್ಯ. ಪರೀಕ್ಷಾ ಆವೃತ್ತಿಯಲ್ಲಿ ಆ ಸಂಗ್ರಹವನ್ನು ಅದೇ ಯಂತ್ರದಲ್ಲಿರುವ ಇನ್ನೊಂದು ಪ್ರೋಗ್ರಾಂ ಸುಲಭವಾಗಿ ಓದಬಹುದು ಎಂದು ಭದ್ರತಾ ತಜ್ಞರು ತೋರಿಸಿದರು. ಬಿಡುಗಡೆ ಮುಂದೆ ಹೋಯಿತು. 2025ರ ಏಪ್ರಿಲ್‌ನಲ್ಲಿ ಬಂದಾಗ ಅದು ಗೂಢಲಿಪಿಯಲ್ಲಿತ್ತು, ಒಪ್ಪಿಕೊಂಡವರಿಗೆ ಮಾತ್ರ ಶುರುವಾಗುತ್ತಿತ್ತು.

ಇಲ್ಲಿ ಆಕ್ಷೇಪ ಎತ್ತಿದವರು ಗೆದ್ದರು. ಆದರೆ ಕ್ರಮ ಗಮನಿಸಿ: ಮೊದಲು ಪೈಪೋಟಿಗೆ ಅಂಕಿ, ಅಂಕಿಗೆ ತಕ್ಕ ಸೌಲಭ್ಯ, ಭದ್ರತೆ ಕೊನೆಗೆ, ಅದೂ ಕೂಗಿದ ಮೇಲೆ.

ವಾರಂಟಿ, ಮತ್ತು ಬೆಂಗಳೂರಿಗೆ ಬಂದ ಒಂದು ಜಗಳ

ವೇಗದ ಓಟ ಚಿಪ್‌ನ ಬಾಳಿಕೆಯನ್ನೂ ತಿನ್ನಬಹುದು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಮೇಲ್ದರ್ಜೆಯ ಡೆಸ್ಕ್‌ಟಾಪ್ ಚಿಪ್‌ಗಳು ತಮಗೆ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿ ಒಳಗೇ ಸವೆಯುತ್ತಿದ್ದವು. ಆಟ ಆಡುವಾಗ ಕಂಪ್ಯೂಟರ್ ಏಕಾಏಕಿ ನಿಲ್ಲುತ್ತಿತ್ತು. 2024ರಲ್ಲಿ ಇಂಟೆಲ್ ಕಾರಣ ಒಪ್ಪಿಕೊಂಡು ಮೈಕ್ರೋಕೋಡ್ ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆಗಲೇ ಸವೆದ ಚಿಪ್ ಅಪ್‌ಡೇಟ್‌ನಿಂದ ಸರಿಯಾಗುವುದಿಲ್ಲ, ಬದಲಿಸಲೇಬೇಕು.

ಹೀಗಾದಾಗ ವಾರಂಟಿಯ ಷರತ್ತು ಎಷ್ಟು ಮುಖ್ಯ ಎಂದು ಗೊತ್ತಾಗುತ್ತದೆ. ಡಬ್ಬಿಯಲ್ಲಿ ಬರುವ ಪ್ರೊಸೆಸರ್‌ಗಳಿಗೆ ಇಂಟೆಲ್ 2016ರಲ್ಲಿ ಭಾರತಕ್ಕೆಂದೇ ಒಂದು ನಿಯಮ ತಂದಿತ್ತು: ಇಲ್ಲಿನ ಅಧಿಕೃತ ವಿತರಕರಿಂದ ಬಂದದ್ದಾದರೆ ಮಾತ್ರ ಇಲ್ಲಿ ವಾರಂಟಿ. ಹೊರದೇಶದಿಂದ ಕಡಿಮೆ ಬೆಲೆಗೆ ತರಿಸಿ ಮಾರುತ್ತಿದ್ದವರು ಇದರಿಂದ ಹೊರಗುಳಿದರು. ದೂರು ಬಂದ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2019ರಲ್ಲಿ ತನಿಖೆಗೆ ಆದೇಶಿಸಿತು. ಇಂಟೆಲ್ ಅದನ್ನು ಕರ್ನಾಟಕ ಹೈಕೋರ್ಟ್‌ನಲ್ಲಿ ಪ್ರಶ್ನಿಸಿತು, ಆ ಅರ್ಜಿ ವಜಾ ಆಯಿತು. ವಿತರಕರ ನಡುವೆ ಪೈಪೋಟಿ ಕಡಿಮೆಯಾದರೆ ಬೆಲೆ ಏರುತ್ತದೆ, ಕೆಟ್ಟ ಚಿಪ್ ಬದಲಿಸಿಕೊಳ್ಳುವ ಹಕ್ಕೂ ಕುಗ್ಗುತ್ತದೆ ಎನ್ನುವುದು ಈ ಪ್ರಕರಣದ ಸಾರ.

ಮುಂದೇನು?

ದೇಶಗಳು ತಮ್ಮದೇ ದಾರಿ ಹಿಡಿದಿವೆ. ಚೀನಾ ತನ್ನ ಸರ್ಕಾರಿ ಕಚೇರಿಗಳಲ್ಲಿ ಇಂಟೆಲ್, ಎಎಂಡಿ ಚಿಪ್‌ಗಳನ್ನು ಕಡಿಮೆ ಮಾಡಲು ಹೊರಟಿದೆ. ಭಾರತದಲ್ಲಿ ಐಐಟಿ ಮದ್ರಾಸ್‌ನ ಶಕ್ತಿ, ಸಿ-ಡ್ಯಾಕ್‌ನ ವೇಗ ಪ್ರೊಸೆಸರ್‌ಗಳು ರಿಸ್ಕ್-ವಿ ಎಂಬ ಮುಕ್ತ ವಿನ್ಯಾಸದ ಮೇಲೆ ಬೆಳೆಯುತ್ತಿವೆ. ಅವು ಸದ್ಯಕ್ಕೆ ಲ್ಯಾಪ್‌ಟಾಪ್‌ಗೆ ಸಾಟಿಯಲ್ಲ. ಬೆಂಗಳೂರಿನ ಎಂಜಿನಿಯರ್‌ಗಳು ಇಂಟೆಲ್, ಎಎಂಡಿ, ಕ್ವಾಲ್‌ಕಾಮ್ ಚಿಪ್‌ಗಳ ವಿನ್ಯಾಸದಲ್ಲಿ ದೊಡ್ಡ ಪಾಲು ಹೊತ್ತಿದ್ದಾರೆ. ಆದರೆ ಯಾವ ಚಿಪ್‌ಗೆ ಎಷ್ಟು ವರ್ಷ ಪ್ಯಾಚ್ ಎಂಬ ತೀರ್ಮಾನ ಆಗುವುದು ಕಂಪನಿಗಳ ಕೇಂದ್ರ ಕಚೇರಿಗಳಲ್ಲಿ.

ನನ್ನ ಅಭಿಪ್ರಾಯದಲ್ಲಿ ಕಂಪನಿಗಳ ಸಂಖ್ಯೆ ಹೆಚ್ಚಾದ ಮಾತ್ರಕ್ಕೆ ಭದ್ರತೆ ಹೆಚ್ಚುವುದಿಲ್ಲ. ಗಿರಾಕಿಗೆ ಕಾಣುವ ವಿಷಯದಲ್ಲಿ ಮಾತ್ರ ಪೈಪೋಟಿ ನಡೆಯುತ್ತದೆ. ಗಿಗಾಹರ್ಟ್ಸ್ ಕಾಣುತ್ತದೆ, ಬ್ಯಾಟರಿಯ ಗಂಟೆ ಕಾಣುತ್ತದೆ. ಪ್ಯಾಚ್ ಎಷ್ಟು ವರ್ಷ ಬರುತ್ತದೆ ಎನ್ನುವುದು ಕಾಣುವುದಿಲ್ಲ. ಹಲವು ಫೋನ್ ಕಂಪನಿಗಳು ಏಳು ವರ್ಷ ಅಪ್‌ಡೇಟ್ ಕೊಡುತ್ತೇವೆ ಎಂದು ಜಾಹೀರಾತಿನಲ್ಲೇ ಹೇಳತೊಡಗಿವೆ. ಲ್ಯಾಪ್‌ಟಾಪ್ ಡಬ್ಬಿಯ ಮೇಲೆ ಅಂಥ ಸಾಲು ಹುಡುಕಿದರೂ ಸಿಗುವುದು ಕಷ್ಟ.

ಯುರೋಪ್ ಇದನ್ನು ಕಾನೂನಿನಿಂದ ಮಾಡಿಸಲು ಹೊರಟಿದೆ. 2024ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಸೈಬರ್ ರೆಸಿಲಿಯೆನ್ಸ್ ಕಾಯ್ದೆಯ ಮುಖ್ಯ ನಿಯಮಗಳು 2027ರ ಡಿಸೆಂಬರ್ 11ರಿಂದ ಅನ್ವಯ. ಅದರ ಪ್ರಕಾರ ತಯಾರಕರು ಭದ್ರತಾ ಬೆಂಬಲದ ಅವಧಿಯನ್ನು ಮಾರುವಾಗಲೇ ತಿಳಿಸಬೇಕು. ಸಾಮಾನ್ಯವಾಗಿ ಅದು ಐದು ವರ್ಷಕ್ಕಿಂತ ಕಡಿಮೆ ಇರುವಂತಿಲ್ಲ. ಭದ್ರತಾ ಕೆಲಸ ಮಾಡುವ ಮೈಕ್ರೋಪ್ರೊಸೆಸರ್‌ಗಳು ಅದರ ಮುಖ್ಯ ಉತ್ಪನ್ನಗಳ ಪಟ್ಟಿಯಲ್ಲಿವೆ.

ಅಲ್ಲಿಯವರೆಗೆ ಕೊಳ್ಳುವವರು ತಾವೇ ಕೇಳಿ ತಿಳಿದುಕೊಳ್ಳಬೇಕು. ಚಿಪ್‌ನ ಪೂರ್ತಿ ಹೆಸರು ಬರೆದುಕೊಂಡು, ಒಳಗಿನ ವಿನ್ಯಾಸ ಯಾವ ವರ್ಷದ್ದು ಎಂದು ಹುಡುಕಿ. ಕೊಳ್ಳಬೇಕೆಂದಿರುವ ಕಂಪನಿಯ ನಾಲ್ಕು ವರ್ಷ ಹಳೇ ಮಾದರಿಯೊಂದರ ಬೆಂಬಲ ಪುಟ ತೆರೆದು, ಕೊನೆಯ ಬಯೋಸ್ ಯಾವಾಗ ಬಂತು ನೋಡಿ. ಆ ದಿನಾಂಕ ಜಾಹೀರಾತಿಗಿಂತ ಹೆಚ್ಚು ಹೇಳುತ್ತದೆ. ಯುರೋಪಿಗಾಗಿ ತಯಾರಾದ ಪ್ಯಾಚ್ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕೊಂಡ ಅದೇ ಮಾದರಿಯ ಲ್ಯಾಪ್‌ಟಾಪ್‌ಗೂ ಬರುವ ಸಾಧ್ಯತೆ ಹೆಚ್ಚು, ಏಕೆಂದರೆ ಸಾಮಾನ್ಯವಾಗಿ ಬಯೋಸ್ ಎಲ್ಲ ಕಡೆ ಒಂದೇ. ಬಾರದಿದ್ದರೆ ಕೊಡಿ ಎಂದು ಕೇಳುವ ಹಕ್ಕು ಮಾತ್ರ ಆ ಕಾಯ್ದೆಯಿಂದ ಇಲ್ಲಿನ ಗಿರಾಕಿಗೆ ಸಿಗುವುದಿಲ್ಲ.